ಬೇಡ ಎನ್ನುವ ಅಧಿಕಾರ ಯಾರಿಗೂ ಇರಲಿಲ್ಲ

1963ರ ಜನವರಿಯಲ್ಲಿ ನ್ಯೂಯಾರ್ಕ್ ನಗರ ಯೋಜನಾ ಆಯೋಗದ ಮುಂದೆ ಒಂದು ಅರ್ಜಿ ಇತ್ತು. ಮ್ಯಾನ್‌ಹಟನ್‌ನ ಏಳನೇ ಮತ್ತು ಎಂಟನೇ ಅವೆನ್ಯೂಗಳ ನಡುವೆ 2,500ಕ್ಕಿಂತ ಹೆಚ್ಚು ಆಸನಗಳ ಕ್ರೀಡಾಂಗಣ ಕಟ್ಟಲು ವಿಶೇಷ ಪರವಾನಗಿ ಬೇಕು ಎಂಬುದು ಅದರ ಸಾರಾಂಶ. ಜನಸಂದಣಿ ಎಷ್ಟಾಗುತ್ತದೆ, ವಾಹನ ಸಂಚಾರಕ್ಕೆ ಅಡ್ಡಿಯಾಗುತ್ತದೆಯೇ ಎಂದು ಆಯೋಗ ನೋಡಿತು, ಒಪ್ಪಿಗೆ ಕೊಟ್ಟಿತು. ಆ ಜಾಗವೇನೂ ಖಾಲಿ ಇರಲಿಲ್ಲ. ಅಲ್ಲಿ 84 ಗ್ರಾನೈಟ್ ಕಂಬಗಳ, ಸುಮಾರು 8 ಎಕರೆಯನ್ನು ಆವರಿಸಿದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವಿತ್ತು. ಅದನ್ನು ಕೆಡವಬೇಡಿ ಎಂದು ಬೇಡಿಕೊಂಡವರಿದ್ದರು. ಆದರೆ ಕೆಡವಬೇಕೋ ಉಳಿಸಬೇಕೋ ಎಂದು ತೀರ್ಮಾನಿಸುವುದು ಆಯೋಗದ ವ್ಯಾಪ್ತಿಯಲ್ಲೇ ಇರಲಿಲ್ಲ. ನಗರದ ಬೇರೆ ಯಾವ ಕಚೇರಿಯ ವ್ಯಾಪ್ತಿಯಲ್ಲೂ ಇರಲಿಲ್ಲ.

ಅದೇ ವರ್ಷ ಅಕ್ಟೋಬರ್ 28ರ ಬೆಳಿಗ್ಗೆ, ಸುರಿಯುತ್ತಿದ್ದ ಮಳೆಯಲ್ಲೇ ಕೆಲಸ ಶುರುವಾಯಿತು. ಪೂರ್ತಿ ನೆಲಸಮವಾಗಲು ಸುಮಾರು ಮೂರು ವರ್ಷ ಹಿಡಿಯಿತು.

ಪೆನ್ ಸ್ಟೇಷನ್ ಎಂದು ಜನ ಕರೆಯುವ ಈ ನಿಲ್ದಾಣದ ಕಥೆಯನ್ನು ದುರಾಸೆಯ ಕಥೆಯಾಗಿ ಹೇಳುವುದೇ ಹೆಚ್ಚು. ಹಣದಾಸೆಗೆ ಬಿದ್ದ ಕಂಪನಿಯೊಂದು ಚೆಂದದ ಕಟ್ಟಡವನ್ನು ಉರುಳಿಸಿತು, ಜನ ಮರುಗಿದರು ಎಂದು ಮುಗಿಸಿಬಿಡುತ್ತಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಕಂಪನಿಗೆ ತನ್ನದೇ ಆದ ಸಂಕಟವಿತ್ತು, ಅದರ ಲೆಕ್ಕಾಚಾರವೂ ಆ ಕಾಲಕ್ಕೆ ತಪ್ಪಿರಲಿಲ್ಲ. ಊರಿನ ಮುಖ್ಯ ಕಟ್ಟಡವೊಂದರ ಬಗ್ಗೆ ಊರಿಗೇ ಮಾತಿಲ್ಲದ ಸ್ಥಿತಿ ಇತ್ತಲ್ಲ, ನಾವು ನೋಡಬೇಕಾದದ್ದು ಅದನ್ನು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಪೆನ್ಸಿಲ್ವೇನಿಯಾ ರೈಲ್‌ರೋಡ್ ಅಮೆರಿಕದ ಅತಿ ಬಲಾಢ್ಯ ರೈಲು ಕಂಪನಿಗಳಲ್ಲೊಂದು. ಆದರೂ ಅದರ ರೈಲುಗಳು ನ್ಯೂಯಾರ್ಕ್ ತಲುಪುತ್ತಿರಲಿಲ್ಲ. ಹಡ್ಸನ್ ನದಿಯ ಪಶ್ಚಿಮ ದಡದ ಜರ್ಸಿ ಸಿಟಿಯಲ್ಲಿ ಹಳಿ ಮುಗಿಯುತ್ತಿತ್ತು. ಪ್ರಯಾಣಿಕರು ಗಂಟುಮೂಟೆ ಹೊತ್ತು ಇಳಿದು, ದೋಣಿ ಹತ್ತಿ ನದಿ ದಾಟಬೇಕಿತ್ತು. ನದಿ ತುಂಬಾ ಅಗಲ, ಹಡಗುಗಳ ಓಡಾಟವೂ ಜಾಸ್ತಿ, ಸೇತುವೆಯ ಖರ್ಚು ಒಂದು ಕಂಪನಿಗೆ ಭರಿಸಲಾಗದಷ್ಟು. ಸುರಂಗ ಕೊರೆಯೋಣವೆಂದರೆ ಉಗಿಬಂಡಿಯ ಹೊಗೆಗೆ ಅಷ್ಟುದ್ದದ ಸುರಂಗದಲ್ಲಿ ಜನ ಉಸಿರುಗಟ್ಟಿ ಸಾಯುತ್ತಾರೆ.

ಕಂಪನಿಯ ಅಧ್ಯಕ್ಷ ಅಲೆಕ್ಸಾಂಡರ್ ಕಸ್ಸಾಟ್‌ಗೆ ಉತ್ತರ ಸಿಕ್ಕಿದ್ದು 1901ರಲ್ಲಿ, ಪ್ಯಾರಿಸ್‌ನಲ್ಲಿ. ಸೇನ್ ನದಿಯ ದಂಡೆಯಲ್ಲಿ ಆಗಷ್ಟೇ ತೆರೆದಿದ್ದ ಓರ್ಸೇ ನಿಲ್ದಾಣಕ್ಕೆ ರೈಲುಗಳು ವಿದ್ಯುತ್ತಿನಿಂದ, ನೆಲದಡಿಯಲ್ಲಿ, ಹೊಗೆಯಿಲ್ಲದೆ ಬಂದು ನಿಲ್ಲುತ್ತಿದ್ದವು. ಅದನ್ನು ಕಂಡು ಬಂದ ಮೇಲೆ ಕಸ್ಸಾಟ್ ತಡಮಾಡಲಿಲ್ಲ. ಹಡ್ಸನ್ ನದಿಯ ತಳದಲ್ಲಿ ಎರಡು, ಈಸ್ಟ್ ನದಿಯ ತಳದಲ್ಲಿ ನಾಲ್ಕು ಸುರಂಗ ಕೊರೆಯುವ, ನಡುವೆ ಒಂದು ಮಹಾ ನಿಲ್ದಾಣ ಕಟ್ಟುವ ಯೋಜನೆ ಸಿದ್ಧವಾಯಿತು. ಅದಕ್ಕಾಗಿ ಸುಮಾರು 500 ಕಟ್ಟಡಗಳನ್ನು ಒಡೆದು ಬಡವರ ವಸತಿಯನ್ನು ತೆರವು ಮಾಡಿದರು. ಮುಂದೆ ಕಲ್ಲುಕಂಬಗಳಿಗಾಗಿ ಮರುಗಿದ ನಗರ ಆಗ ಆ ಮನೆಗಳಿಗಾಗಿ ಮರುಗಿದಂತೆ ಕಾಣುವುದಿಲ್ಲ. ಈ ನಿಲ್ದಾಣದ ಬಗ್ಗೆ ಬರೆಯುವವರು ಅದನ್ನು ಮರೆಯಬಾರದು.

ವಾಸ್ತುಶಿಲ್ಪಿ ಚಾರ್ಲ್ಸ್ ಮೆಕಿಮ್ ರೋಮ್‌ನ ಕ್ಯಾರಕಲ್ಲಾ ಸ್ನಾನಗೃಹಗಳ ಅವಶೇಷಗಳನ್ನು ಮಾದರಿಯಾಗಿಟ್ಟುಕೊಂಡರು. ಹೊರಗೋಡೆಗೂ ಕಂಬಗಳಿಗೂ ಮ್ಯಾಸಚೂಸೆಟ್ಸ್‌ನ ಮಿಲ್‌ಫರ್ಡ್‌ನಿಂದ ತಂದ ನಸುಗೆಂಪು ಗ್ರಾನೈಟ್. ಒಳಗೆ ಇಟಲಿಯ ಟ್ರಾವರ್ಟೈನ್ ಕಲ್ಲು. ವೇಟಿಂಗ್ ಹಾಲ್‌ನ ಚಾವಣಿ ಸುಮಾರು 150 ಅಡಿ ಎತ್ತರದಲ್ಲಿತ್ತು. ಎತ್ತರದ ಅರ್ಧಚಂದ್ರಾಕಾರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ನೆಲಕ್ಕೆ ಬೀಳುತ್ತಿತ್ತು. ಅಲ್ಲಿಂದ ಮುಂದೆ ಹೋದರೆ ಉಕ್ಕು ಮತ್ತು ಗಾಜಿನದೇ ಕಮಾನುಗಳ ಇನ್ನೊಂದು ಸಭಾಂಗಣ. ಅದರ ನೆಲಕ್ಕೂ ದಪ್ಪ ಗಾಜಿನ ಬಿಲ್ಲೆಗಳನ್ನು ಹಾಸಿದ್ದರು. ಚಾವಣಿಯಿಂದ ಇಳಿದ ಬೆಳಕು ನೆಲವನ್ನೂ ಹಾದು ಕೆಳಗಿನ ಪ್ಲಾಟ್‌ಫಾರಂ ಮುಟ್ಟಲಿ ಎಂಬುದು ಉದ್ದೇಶ. ನೆಲದಡಿ ರೈಲು ಇಳಿದವನಿಗೂ ಆಕಾಶದ ಸುಳಿವು ಸಿಗಬೇಕು ಎಂದು ಇಷ್ಟು ಯೋಚಿಸಿ ಕಟ್ಟಿದ್ದರಲ್ಲ, ಈ ನಿಲ್ದಾಣದ ನಕ್ಷೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಮುಟ್ಟಿದ್ದು ಆ ಗಾಜಿನ ನೆಲ.

1910ರ ನವೆಂಬರ್‌ನಲ್ಲಿ ನಿಲ್ದಾಣ ಪೂರ್ಣವಾಗಿ ತೆರೆಯಿತು. ಕಸ್ಸಾಟ್ 1906ರಲ್ಲೇ ತೀರಿಕೊಂಡಿದ್ದರು, ಮೆಕಿಮ್ 1909ರಲ್ಲಿ. ಇಬ್ಬರೂ ಅದನ್ನು ಪೂರ್ಣರೂಪದಲ್ಲಿ ನೋಡಲಿಲ್ಲ.

ಎರಡನೇ ಮಹಾಯುದ್ಧದ ಕಾಲ ನಿಲ್ದಾಣಕ್ಕೆ ತುಂಬು ಸುಗ್ಗಿ. 1945ರಲ್ಲಿ 10 ಕೋಟಿಗೂ ಹೆಚ್ಚು ಜನ ಅದರ ಮೂಲಕ ಹಾದುಹೋದರು. ಮರುವರ್ಷವೇ ಕಂಪನಿ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ನಷ್ಟ ಕಂಡಿತು. ಸೈನಿಕರು ಮನೆಗೆ ಮರಳಿದರು, ಕಾರು ಕೊಂಡರು, ಊರಾಚೆ ಮನೆ ಕಟ್ಟಿದರು. 1956ರಲ್ಲಿ ಅಮೆರಿಕ ಸರ್ಕಾರ ಅಂತರರಾಜ್ಯ ಹೆದ್ದಾರಿಗಳ ಕಾಯ್ದೆ ತಂದಿತು. ಎರಡೇ ವರ್ಷದಲ್ಲಿ ಜೆಟ್ ವಿಮಾನಗಳೂ ಪ್ರಯಾಣಿಕರನ್ನು ಹೊತ್ತು ಹಾರಿದವು. ಹೆದ್ದಾರಿಗೂ ವಿಮಾನ ನಿಲ್ದಾಣಕ್ಕೂ ಸಾರ್ವಜನಿಕ ಹಣ ಹರಿಯಿತು. ರೈಲು ಕಂಪನಿ ಮಾತ್ರ ಹಳಿಯನ್ನೂ ನಿಲ್ದಾಣವನ್ನೂ ಸ್ವಂತ ಖರ್ಚಿನಲ್ಲಿ ನೋಡಿಕೊಳ್ಳಬೇಕು, ಮೇಲೆ ನಗರಕ್ಕೆ ಆಸ್ತಿ ತೆರಿಗೆಯನ್ನೂ ಕಟ್ಟಬೇಕು. ಊರಿನ ನಡುವೆ ಎಂಟು ಎಕರೆ ಜಾಗ, ಅದರ ಮೇಲೆ ಬಾಡಿಗೆ ಹುಟ್ಟದ 150 ಅಡಿಯ ಖಾಲಿ ಎತ್ತರ. ಕಂಪನಿಯ ಲೆಕ್ಕಿಗರ ಕಣ್ಣಿಗೆ ಆ ಎತ್ತರ ವ್ಯರ್ಥವಾಗಿ ಕಂಡಿದ್ದರೆ ಅವರನ್ನು ಬೈದು ಫಲವಿಲ್ಲ. ಅದನ್ನು ಉಳಿಸಿಕೊಳ್ಳುವ ಹೊರೆಯನ್ನು ಹಂಚಿಕೊಳ್ಳಲು ನಗರ ಮುಂದೆ ಬಂದಿರಲಿಲ್ಲ.

ಖರ್ಚು ಉಳಿಸಲು ಮೊದಲು ತೊಳೆಯುವುದನ್ನು ನಿಲ್ಲಿಸಿದರು. ನಸುಗೆಂಪು ಕಲ್ಲು ಮಸಿಬಣ್ಣಕ್ಕೆ ತಿರುಗಿತು. ವೇಟಿಂಗ್ ಹಾಲ್‌ನಲ್ಲಿ ಜಾಹೀರಾತು ಫಲಕಗಳು ಬಂದವು, ಕಾರುಗಳನ್ನು ಪ್ರದರ್ಶನಕ್ಕೆ ನಿಲ್ಲಿಸಿದರು. 1950ರ ದಶಕದಲ್ಲಿ ರೋಮನ್ ಕಂಬಗಳ ನಡುವೆ ಹೊಳೆಯುವ ಹೊಸ ಟಿಕೆಟ್ ಕೌಂಟರ್ ಎದ್ದು, ಅದರ ಬಾಗಿದ ಚಾವಣಿ ಹಾಲ್‌ನ ನೋಟವನ್ನೇ ತುಂಡರಿಸಿತು. ಒಂದು ಕಟ್ಟಡವನ್ನು ಕೆಡವುವ ಮೊದಲು ಅದು ಜನರ ಕಣ್ಣಿನಲ್ಲಿ ಅಗ್ಗವಾಗಬೇಕು. ಕೊಳೆ ಹಿಡಿದು ಕತ್ತಲಾದ ನಿಲ್ದಾಣವನ್ನು ದಿನವೂ ಹಾದುಹೋಗುತ್ತಿದ್ದವರಿಗೆ ಅದರ ಚೆಲುವು ಮರೆತೇಹೋಗಿತ್ತು.

1954ರಲ್ಲೇ ನಿಲ್ದಾಣದ ಮೇಲಿನ ಆಕಾಶದ ಹಕ್ಕನ್ನು, ಅಂದರೆ ಅಲ್ಲಿ ಕಟ್ಟುವ ಹಕ್ಕನ್ನು, ಮಾರುವ ಮಾತುಕತೆ ಶುರುವಾಗಿತ್ತು. ಹಳಿಗಳು ನೆಲದಡಿ ಇರುವುದರಿಂದ ಮೇಲಿನ ಕಟ್ಟಡ ಹೋದರೂ ರೈಲು ನಿಲ್ಲಬೇಕಿಲ್ಲ ಎಂಬುದೇ ಆ ವ್ಯಾಪಾರದ ತಿರುಳು. ನದಿ ದಾಟಲು ಕಂಡುಕೊಂಡ ಉಪಾಯವೇ ಅರ್ಧ ಶತಮಾನದ ಮೇಲೆ ಕಟ್ಟಡಕ್ಕೆ ಮುಳುವಾಯಿತು. 1961ರಲ್ಲಿ ಒಪ್ಪಂದ ಪ್ರಕಟವಾಯಿತು. ಮೇಲೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಕ್ರೀಡಾಂಗಣ, ಪಕ್ಕದಲ್ಲಿ ಕಚೇರಿ ಕಟ್ಟಡ. ರೈಲು ಕಂಪನಿಗೆ ಕೈಯಿಂದ ಖರ್ಚಿಲ್ಲದೆ ನೆಲದಡಿಯಲ್ಲಿ ಹವಾನಿಯಂತ್ರಿತವಾದ ಹೊಸ ಪುಟ್ಟ ನಿಲ್ದಾಣ, ಜೊತೆಗೆ ಕ್ರೀಡಾಂಗಣದ ಉದ್ಯಮದಲ್ಲಿ ಶೇ 25ರ ಪಾಲು.

ವಿರೋಧ ತಡವಾಗಿ ಬಂತು, ಸಣ್ಣದಾಗಿ ಬಂತು. 1962ರ ಆಗಸ್ಟ್ 2ರ ಸಂಜೆ ಜನ ಕೆಲಸ ಮುಗಿಸಿ ಮನೆಗೆ ಹೊರಡುವ ಹೊತ್ತಿಗೆ ನಿಲ್ದಾಣದ ಮುಂದೆ ಇನ್ನೂರರಷ್ಟು ಜನ ಫಲಕ ಹಿಡಿದು ಸಾಲಾಗಿ ನಡೆದರು. ಅವರಲ್ಲಿ ಹೆಚ್ಚಿನವರು ವಾಸ್ತುಶಿಲ್ಪಿಗಳು. ಫಿಲಿಪ್ ಜಾನ್ಸನ್ ಇದ್ದರು, ನಗರಗಳ ಬದುಕಿನ ಬಗ್ಗೆ ಬರೆದು ಹೆಸರಾಗಿದ್ದ ಜೇನ್ ಜೇಕಬ್ಸ್ ಇದ್ದರು. ಗಾಜಿನ ಗೋಪುರಗಳನ್ನು ಕಟ್ಟುವ ಆಧುನಿಕ ಪಂಥದವರೇ ಹಳೆಯ ಕಲ್ಲಿನ ಕಂಬಗಳಿಗಾಗಿ ಬೀದಿಗಿಳಿದದ್ದು ವಿಶೇಷ. ರೈಲು ಹಿಡಿಯುವ ಅವಸರದಲ್ಲಿದ್ದವರು ಅವರ ಪಕ್ಕದಿಂದಲೇ ಹಾದುಹೋದರು.

ಇಲ್ಲೊಂದು ಕಾನೂನಿನ ವಿಷಯವಿದೆ. ನ್ಯೂಯಾರ್ಕ್ ರಾಜ್ಯ 1956ರಲ್ಲೇ ಬಾರ್ಡ್ ಕಾಯ್ದೆ ಎಂಬುದನ್ನು ತಂದು, ಐತಿಹಾಸಿಕ ಮತ್ತು ಕಲಾತ್ಮಕ ಮಹತ್ವದ ಕಟ್ಟಡಗಳನ್ನು ಕಾಯಲು ನಿಯಮ ರೂಪಿಸುವ ಅಧಿಕಾರವನ್ನು ನಗರಗಳಿಗೆ ಕೊಟ್ಟಿತ್ತು. ನ್ಯೂಯಾರ್ಕ್ ನಗರ ಆ ಅಧಿಕಾರವನ್ನು ವರ್ಷಗಟ್ಟಲೆ ಬಳಸಲೇ ಇಲ್ಲ. 1962ರಲ್ಲಿ ಮೇಯರ್ ರಾಬರ್ಟ್ ವ್ಯಾಗ್ನರ್ ಒಂದು ಸಂರಕ್ಷಣಾ ಆಯೋಗವನ್ನು ನೇಮಿಸಿದರು, ಆದರೆ ಅದಕ್ಕೆ ಯಾರನ್ನೂ ತಡೆಯುವ ಬಲ ಕೊಡಲಿಲ್ಲ. ಖಾಸಗಿ ಕಂಪನಿಯ ಖಾಸಗಿ ಆಸ್ತಿ, ಅದನ್ನು ಕೆಡವಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಪ್ಪಣೆ ಬೇಕಿದ್ದದ್ದು ಹೊಸದಾಗಿ ಕಟ್ಟಲು ಮಾತ್ರ.

ಕೆಡವುವಾಗಲೂ ಕೆಳಗೆ ರೈಲುಗಳು ಓಡುತ್ತಲೇ ಇದ್ದವು, ದಿನವೂ ಲಕ್ಷಾಂತರ ಜನ ಹತ್ತಿ ಇಳಿಯುತ್ತಿದ್ದರು. ಮೊದಲ ದಿನ ಕಟ್ಟಡದ ನೆತ್ತಿಯಿಂದ ಕ್ರೇನ್ ಕಟ್ಟಿ ಇಳಿಸಿದ್ದು ಒಂದು ಕಲ್ಲಿನ ಹದ್ದನ್ನು. ಶಿಲ್ಪಿ ಅಡಾಲ್ಫ್ ವೈನ್‌ಮನ್ ಕೆತ್ತಿಸಿದ್ದ ಅಂಥ 22 ಹದ್ದುಗಳು ನಿಲ್ದಾಣದ ಮೇಲೆ ಕೂತಿದ್ದವು, ದೊಡ್ಡವು ಒಂದೊಂದೂ ಎರಡೂವರೆ ಟನ್ನಿಗೂ ಹೆಚ್ಚು ತೂಗುತ್ತಿದ್ದವು. ಪೀಟರ್ ಮೂರ್ ಎಂಬ ಛಾಯಾಗ್ರಾಹಕ ಈ ಕೆಲಸದುದ್ದಕ್ಕೂ ಅಲ್ಲಿಗೆ ಹೋಗಿ ಹೋಗಿ ಚಿತ್ರ ತೆಗೆದರು. ಚಾವಣಿ ಕಳಚಿದ ಹಾಲ್‌ಗಳು, ಅರ್ಧಕ್ಕೆ ನಿಂತ ಕಂಬಗಳು, ಅವುಗಳ ನಡುವೆಯೇ ನುಗ್ಗಿ ನಿಂತ ಹೊಸ ಉಕ್ಕಿನ ತೊಲೆಗಳು ಆ ಚಿತ್ರಗಳಲ್ಲಿವೆ.

ಕಲ್ಲುಗಳಲ್ಲಿ ಬಹುಪಾಲು ನದಿಯಾಚೆಯ ನ್ಯೂಜರ್ಸಿಯ ಸಿಕಾಕಸ್‌ನ ಜೌಗು ನೆಲ ತುಂಬಲು ಹೋದವು. ಕಂಬಗಳ ತುಂಡುಗಳು, ಶಿಲ್ಪಗಳ ಅಂಗಾಂಗಗಳು ಅಲ್ಲಿನ ಕೆಸರಿನಲ್ಲಿ ಬಿದ್ದಿದ್ದವು. ಹದ್ದುಗಳು ದಿಕ್ಕುಪಾಲಾದವು. ನಾಲ್ಕು ಫಿಲಡೆಲ್ಫಿಯಾದ ಸೇತುವೆಯೊಂದರ ಮೇಲಿವೆ, ಒಂದು ವೈನ್‌ಮನ್ ಓದಿದ ಕೂಪರ್ ಯೂನಿಯನ್ ಕಾಲೇಜಿನಲ್ಲಿದೆ, ಎರಡು ಹಳೆಯ ಜಾಗದಲ್ಲೇ, ಏಳನೇ ಅವೆನ್ಯೂವಿನ ಪಕ್ಕದಲ್ಲಿ ಕೂತಿವೆ. ಕೆಲವು ಎಲ್ಲಿ ಹೋದವೋ ಪತ್ತೆಯಿಲ್ಲ. ಅದೇ ಕಾಲದಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದ ಮುಂದಿನ ಮಹಾದ್ವಾರವನ್ನೂ ಒಡೆದು, ಅದರ ಕಲ್ಲುಗಳನ್ನು ಕಾಲುವೆಯೊಂದರ ತಳಕ್ಕೆ ಸುರಿದಿದ್ದರು. ರೈಲಿನ ಕಾಲ ಮುಗಿಯಿತು ಎಂದು ಎರಡೂ ದೇಶಗಳು ಆಗ ನಂಬಿದ್ದವು.

ನಿಲ್ದಾಣದ ಮೇಲೆ ಕೆಲಸ ಇನ್ನೂ ನಡೆದಿರುವಾಗಲೇ, 1965ರ ಏಪ್ರಿಲ್ 19ರಂದು ವ್ಯಾಗ್ನರ್ ನಗರದ ಹೆಗ್ಗುರುತು ಕಟ್ಟಡಗಳ ಸಂರಕ್ಷಣಾ ಕಾನೂನಿಗೆ ಸಹಿ ಹಾಕಿದರು. ಆಯೋಗಕ್ಕೆ ಬೇಡ ಎನ್ನುವ ಬಲ ಬಂದದ್ದು ಆಗ. ಮರುವರ್ಷ ಇಡೀ ಅಮೆರಿಕಕ್ಕೆ ಅನ್ವಯಿಸುವ ಸಂರಕ್ಷಣಾ ಕಾಯ್ದೆಯೂ ಬಂತು.

ಆ ಕಾನೂನಿನ ನಿಜವಾದ ಪರೀಕ್ಷೆ ನಡೆದದ್ದು ಇನ್ನೊಂದು ನಿಲ್ದಾಣದಲ್ಲಿ. ಪೆನ್ಸಿಲ್ವೇನಿಯಾ ಕಂಪನಿ 1968ರಲ್ಲಿ ತನ್ನ ಬದ್ಧ ಪ್ರತಿಸ್ಪರ್ಧಿ ನ್ಯೂಯಾರ್ಕ್ ಸೆಂಟ್ರಲ್ ಜೊತೆ ವಿಲೀನವಾಗಿ ಪೆನ್ ಸೆಂಟ್ರಲ್ ಆಯಿತು. ಆಕಾಶ ಮಾರಿದ ಹಣ ಅದನ್ನು ಉಳಿಸಲಿಲ್ಲ. 1970ರಲ್ಲಿ ದಿವಾಳಿಯಾಯಿತು, ಅಲ್ಲಿಯವರೆಗಿನ ಅಮೆರಿಕದ ಅತಿ ದೊಡ್ಡ ದಿವಾಳಿ ಅದು. ಅದಕ್ಕೆ ಮೊದಲೇ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ನೆತ್ತಿಯ ಮೇಲೆ 55 ಅಂತಸ್ತಿನ ಗೋಪುರ ನಿಲ್ಲಿಸಲು ಕಂಪನಿ ಹೊರಟಿತ್ತು. ಈ ಬಾರಿ ಸಂರಕ್ಷಣಾ ಆಯೋಗ ಅನುಮತಿ ಕೊಡಲಿಲ್ಲ. ಕಂಪನಿ ಕೋರ್ಟಿಗೆ ಹೋಯಿತು. ಹಿಂದಿನ ಅಧ್ಯಕ್ಷ ಕೆನಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಕೆನಡಿ ಒನಾಸಿಸ್ ನಿಲ್ದಾಣದ ಪರವಾಗಿ ನಿಂತರು, ಜನರ ಗಮನ ಹರಿಯಿತು. 1978ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ನಗರದ ಪರ ತೀರ್ಪು ಕೊಟ್ಟಿತು. ಆಸ್ತಿಯ ಮಾಲೀಕನಿಗೆ ಅದರಿಂದ ಅತಿ ಹೆಚ್ಚು ಲಾಭ ಗಳಿಸುವ ಹಕ್ಕನ್ನು ಸಂವಿಧಾನ ಖಾತರಿ ಮಾಡಿಲ್ಲ, ನಿಲ್ದಾಣವನ್ನು ನಿಲ್ದಾಣವಾಗಿಯೇ ಬಳಸಲು ಅಡ್ಡಿಯಿಲ್ಲದಿರುವಾಗ ಇದು ಆಸ್ತಿ ಕಸಿದಂತೆ ಆಗುವುದಿಲ್ಲ ಎಂಬುದು ಅದರ ಸಾರ.

ಆ ತೀರ್ಪಿನ ಒಂದು ಎಳೆ ನಮ್ಮ ಬೆಂಗಳೂರಿನವರೆಗೂ ಬಂದಿದೆ. ತನ್ನ ಕಟ್ಟಡದ ಮೇಲೆ ಕಟ್ಟಲಾಗದೆ ಉಳಿದ ಜಾಗದ ಹಕ್ಕನ್ನು ಮಾಲೀಕ ಪಕ್ಕದ ನಿವೇಶನಗಳಿಗೆ ವರ್ಗಾಯಿಸಬಹುದು, ಮಾರಲೂಬಹುದು ಎಂದು ನ್ಯೂಯಾರ್ಕಿನ ನಿಯಮ ಹೇಳುತ್ತಿತ್ತು. ಕೋರ್ಟ್ ಅದನ್ನು ಮಾಲೀಕನ ಮೇಲೆ ಬಿದ್ದ ಹೊರೆಯನ್ನು ಹಗುರ ಮಾಡುವ ಅಂಶವಾಗಿ ಕಂಡಿತು. ನಾವು ಟಿಡಿಆರ್ ಎಂದು ಕರೆಯುವುದು ಇದನ್ನೇ. ನಮ್ಮಲ್ಲಿ ಅದರ ಹೆಸರು ಕೇಳಿಬರುವುದು ಹೆಚ್ಚಾಗಿ ರಸ್ತೆ ಅಗಲೀಕರಣದಲ್ಲಿ. ಅರಮನೆ ಮೈದಾನದ ಜಾಗಕ್ಕೆ ಕೊಡಬೇಕಾದ ಟಿಡಿಆರ್ ವಿಚಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು ಎಲ್ಲರಿಗೂ ನೆನಪಿರುತ್ತದೆ. ಒಂದು ಕಟ್ಟಡ ಉಳಿಸಲು ನೆರವಾದ ಉಪಾಯ ನಮ್ಮಲ್ಲಿ ರಸ್ತೆಗಾಗಿ ಕಟ್ಟಡದ ಮುಂಭಾಗ ಒಡೆಯುವುದಕ್ಕೆ ಪರಿಹಾರವಾಗಿ ಬಳಕೆಗೆ ಬಂದದ್ದು ನನಗೆ ಬೇಸರದ ಸಂಗತಿ. ಹಳೆಯ ಮನೆ, ಮಾರುಕಟ್ಟೆ, ಛತ್ರಗಳನ್ನು ಇಟ್ಟುಕೊಂಡು ಒದ್ದಾಡುತ್ತಿರುವ ಮಾಲೀಕರಿಗೆ ಅದು ಧಾರಾಳವಾಗಿ ಸಿಗುವಂತಾದರೆ ಎಷ್ಟೋ ಕಟ್ಟಡಗಳ ಆಯುಸ್ಸು ಹೆಚ್ಚುತ್ತದೆ.

ಇನ್ನು ಕಸ್ಸಾಟ್‌ಗೆ ದಾರಿ ತೋರಿದ ಪ್ಯಾರಿಸ್‌ನ ಓರ್ಸೇ. ರೈಲುಗಳು ಉದ್ದವಾದಂತೆ ಅದರ ಪ್ಲಾಟ್‌ಫಾರಂ ಸಾಲದಾಯಿತು. 1939ರಲ್ಲೇ ದೂರದ ರೈಲುಗಳು ಅಲ್ಲಿಗೆ ಬರುವುದು ನಿಂತಿತು. ಅದನ್ನೂ ಕೆಡವಿ ಹೋಟೆಲ್ ಕಟ್ಟುವ ಯೋಜನೆಯಾಗಿತ್ತು. ಅಷ್ಟರಲ್ಲಿ ಪ್ಯಾರಿಸ್‌ನ ಹಳೆಯ ಲೇ ಆಲ್ ಮಾರುಕಟ್ಟೆಯ ಕಬ್ಬಿಣದ ಚಪ್ಪರಗಳನ್ನು 1971ರಲ್ಲಿ ಒಡೆದದ್ದು ಜನರನ್ನು ಕೆರಳಿಸಿತ್ತು. 1973ರಲ್ಲಿ ಓರ್ಸೇ ರಕ್ಷಿತ ಕಟ್ಟಡಗಳ ಪಟ್ಟಿ ಸೇರಿತು, 1986ರಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಇಂದು ಅಲ್ಲಿಗೆ ಹೋದವರು ಮೋನೆ, ವ್ಯಾನ್‌ಗೋ ಚಿತ್ರಗಳನ್ನು ಹಳೆಯ ನಿಲ್ದಾಣದ ಗಾಜಿನ ಚಾವಣಿಯ ಕೆಳಗೇ ನೋಡುತ್ತಾರೆ.

ನ್ಯೂಯಾರ್ಕ್ ಕೆಡವಿದ್ದರಿಂದ ಪಡೆದದ್ದೇನು? ರೈಲಿನ ಕಾಲ ಮುಗಿಯಲಿಲ್ಲ. ಕೋವಿಡ್‌ಗೆ ಮುಂಚೆ ಪೆನ್ ಸ್ಟೇಷನ್ನಿನ ಮೂಲಕ ದಿನಕ್ಕೆ 6 ಲಕ್ಷಕ್ಕೂ ಹೆಚ್ಚು ಜನ ಹಾದುಹೋಗುತ್ತಿದ್ದರು. ಅಮೆರಿಕದಲ್ಲಿ ಅದಕ್ಕಿಂತ ಜನಸಂದಣಿಯ ರೈಲು ನಿಲ್ದಾಣ ಇಲ್ಲ. ಈಗಲೂ ಇರುವುದು 1910ರ ಅದೇ 21 ಹಳಿಗಳು. ಕೆಲವು ಮೆಟ್ಟಿಲುಗಳಲ್ಲಿ ಅಂದಿನ ಹಿತ್ತಾಳೆಯ ಹಿಡಿಕಂಬಿಯೂ ಉಳಿದಿದೆ, ನೂರು ವರ್ಷಗಳ ಅಂಗೈಗಳಿಗೆ ಸವೆದು ನುಣುಪಾಗಿದೆ. ಆದರೆ ಮೇಲಿನ ಕ್ರೀಡಾಂಗಣವನ್ನು ಹೊರಲು ನೂರಾರು ಕಂಬಗಳನ್ನು ಹಳಿಗಳ ನಡುವೆ ಇಳಿಸಿದ್ದಾರೆ. ಮೊದಲೇ ಕಿರಿದಾದ ಪ್ಲಾಟ್‌ಫಾರಂಗಳನ್ನು ಅವು ಇನ್ನಷ್ಟು ಕಿರಿದು ಮಾಡಿವೆ. ಅಗಲ ಮಾಡೋಣವೆಂದರೆ ಕಂಬ ಅಡ್ಡ, ಕಂಬ ತೆಗೆಯೋಣವೆಂದರೆ ಮೇಲೆ ಕ್ರೀಡಾಂಗಣ. ಆ ಕ್ರೀಡಾಂಗಣದ 50 ವರ್ಷಗಳ ಪರವಾನಗಿ 2013ರಲ್ಲಿ ಮುಗಿದಾಗ ನಗರ ಹತ್ತು ವರ್ಷಕ್ಕಷ್ಟೇ ವಿಸ್ತರಿಸಿತು, 2023ರಲ್ಲಿ ಮತ್ತೆ ಐದೇ ವರ್ಷಕ್ಕೆ. ರಸ್ತೆಯಾಚೆ ಮೆಕಿಮ್ ಅವರ ಸಂಸ್ಥೆಯೇ ವಿನ್ಯಾಸ ಮಾಡಿದ್ದ ಹಳೆಯ ಅಂಚೆ ಕಚೇರಿಯನ್ನು ಮಾರ್ಪಡಿಸಿ, 160 ಕೋಟಿ ಡಾಲರ್ ಖರ್ಚು ಮಾಡಿ, 2021ರ ಜನವರಿಯಲ್ಲಿ ಮೊಯ್ನಿಹಾನ್ ಟ್ರೇನ್ ಹಾಲ್ ತೆರೆದರು. ಅದಕ್ಕೆ ಗಾಜಿನ ಚಾವಣಿ ಇದೆ, ಬೆಳಕಿದೆ. ಅದೇ ಬೆಳಕು ಹಿಂದೆ ಈ ರಸ್ತೆಯಲ್ಲೇ ಇತ್ತು.

ಭಾರತದಲ್ಲಿ ಈಗ ನಿಲ್ದಾಣಗಳ ಮರುನಿರ್ಮಾಣದ ಕಾಲ. ಅಮೃತ್ ಭಾರತ್ ಯೋಜನೆಯಲ್ಲಿ ದೇಶದ 1,300ಕ್ಕೂ ಹೆಚ್ಚು ನಿಲ್ದಾಣಗಳು ಪಟ್ಟಿಯಲ್ಲಿವೆ; 2023ರ ಆಗಸ್ಟ್‌ನಲ್ಲಿ ಒಂದೇ ದಿನ 508 ನಿಲ್ದಾಣಗಳಿಗೆ ಶಂಕುಸ್ಥಾಪನೆಯಾಯಿತು, ಅವುಗಳಲ್ಲಿ 13 ಕರ್ನಾಟಕದವು. ಲಿಫ್ಟ್, ಎಸ್ಕಲೇಟರ್, ಶುಚಿಯಾದ ಶೌಚಾಲಯ, ಅಂಗವಿಕಲರಿಗೆ ಇಳಿಜಾರು ದಾರಿ ಇವೆಲ್ಲ ಬೇಕೇ ಬೇಕು. ವಯಸ್ಸಾದ ತಾಯಿಯನ್ನು ಮೇಲ್ಸೇತುವೆ ಹತ್ತಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಹಳೆಯದೆಲ್ಲ ಹಾಗೇ ಇರಲಿ ಎಂದು ನಾನು ವಾದಿಸುತ್ತಿಲ್ಲ. ಆದರೆ ಯಾವ ಕಟ್ಟಡ ಇರಬೇಕು, ಯಾವುದು ಹೋಗಬಹುದು ಎಂಬ ಪ್ರಶ್ನೆ ಟೆಂಡರ್ ಕರೆಯುವ ಮೊದಲು ಊರಿನ ಮುಂದೆ ಬರಬೇಕು.

ನಮಗೆ ಈ ದಾರಿ ಗೊತ್ತಿಲ್ಲದ್ದೇನಲ್ಲ. ಬೆಂಗಳೂರಿನ ಹೈಕೋರ್ಟ್ ಇರುವ ಅಠಾರ ಕಚೇರಿಯನ್ನು 1980ರ ದಶಕದಲ್ಲಿ ಕೆಡವಲು ಹೊರಟಾಗ ನಾಗರಿಕರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕೆಂಪು ಕಟ್ಟಡ ಉಳಿಯಿತು. ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನ ಹಳೆಯ ಹೆಂಚಿನ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ರೈಲ್ವೆಯ ಜೊತೆ ಕೈಜೋಡಿಸಿತು. ಒಳ್ಳೆಯ ಕೆಲಸ. ಆದರೆ ಇಂಥ ಕೆಲಸಗಳೆಲ್ಲ ಒಂದಿಷ್ಟು ಜನರ ಆಸ್ಥೆ, ಒಬ್ಬಿಬ್ಬರು ಅಧಿಕಾರಿಗಳ ಒಳ್ಳೆಯ ಮನಸ್ಸನ್ನೇ ನಂಬಿಕೊಂಡಿವೆ. ಅಧಿಕಾರಿಗೆ ವರ್ಗವಾಗುತ್ತದೆ. ರೈಲ್ವೆಯ ಪ್ರತಿ ವಿಭಾಗವೂ ತನ್ನ ವ್ಯಾಪ್ತಿಯ ಹಳೆಯ ನಿಲ್ದಾಣಗಳ ಪಟ್ಟಿ ಮಾಡಿ, ಕಟ್ಟಿದ ವರ್ಷ, ಈಗಿನ ಸ್ಥಿತಿ, ಹೊಸ ನಕ್ಷೆಯಲ್ಲಿ ಅದಕ್ಕೆ ಇಟ್ಟಿರುವ ಜಾಗ ಇವಿಷ್ಟನ್ನು ಕನ್ನಡದಲ್ಲಿ ಆಯಾ ನಿಲ್ದಾಣದ ಟಿಕೆಟ್ ಕೌಂಟರ್ ಪಕ್ಕದಲ್ಲೇ ಅಂಟಿಸಲಿ, ಆಕ್ಷೇಪಣೆಗೆ ಮೂರು ತಿಂಗಳು ಕೊಡಲಿ, ಬಂದ ಆಕ್ಷೇಪಣೆಗೆ ಬರವಣಿಗೆಯಲ್ಲಿ ಉತ್ತರ ಕೊಡಲಿ.